ಅಡಿಕೆ ಸಿಪ್ಪೆ ಗುಡ್ಡೆಯಲ್ಲಿ ಕಳೆದ ವಾಚು: ಬ್ಲೂಟೂತ್ ಸಿಗ್ನಲ್ ಹಿಡಿದು ಹುಡುಕುವುದು ಹೇಗೆ?

ಪ್ರಶ್ನೆ: ನಮ್ಮದು ತೀರ್ಥಹಳ್ಳಿ ಹತ್ತಿರದ ಹಳ್ಳಿ. ಮೊನ್ನೆ ಸಂಜೆ ಅಡಿಕೆ ಸುಲಿಯಲು ಕೂರುವಾಗ ಕೈಯಲ್ಲಿದ್ದ ಸ್ಮಾರ್ಟ್‌ವಾಚ್ ಬಿಚ್ಚಿ ಪಕ್ಕದಲ್ಲಿಟ್ಟೆ ಅಂತ ನೆನಪು. ಮರುದಿನ ನೋಡಿದರೆ ಇಲ್ಲ. ಮನೆ, ಅಂಗಳ, ಕೊಟ್ಟಿಗೆ ಎಲ್ಲ ಹುಡುಕಿದ್ದಾಯಿತು. ಸಿಮ್ ಇಲ್ಲದ, ಬ್ಲೂಟೂತ್ ಕಾಲಿಂಗ್ ಇರುವ ಸಾಧಾರಣ ಬೆಲೆಯ ವಾಚು. ತಮ್ಮ ಕೊಡಿಸಿದ್ದು, ಬಿಟ್ಟುಬಿಡಲು ಮನಸ್ಸಿಲ್ಲ. ಆಗ ಚಾರ್ಜ್ 60 ಪರ್ಸೆಂಟ್ ಇತ್ತು. ಈಗ ಆ್ಯಪ್‌ನಲ್ಲಿ ‘ಡಿಸ್ಕನೆಕ್ಟೆಡ್’ ಅಂತ ತೋರಿಸುತ್ತಿದೆ. ಐಎಂಇಐ ಕೊಟ್ಟರೆ ಪೊಲೀಸರು ಹುಡುಕಿಕೊಡುತ್ತಾರೆ ಅಂತ ಒಬ್ಬರು, ಜಿಪಿಎಸ್‌ನಲ್ಲಿ ಸಿಗುತ್ತದೆ ಅಂತ ಇನ್ನೊಬ್ಬರು ಹೇಳಿದರು. ಫೋನಿನಿಂದ ಹುಡುಕಲು ನಿಜವಾಗಿ ದಾರಿ ಇದೆಯಾ?

ಉತ್ತರ: ದಾರಿ ಇದೆ. ಆದರೆ ಇವತ್ತೇ ಶುರು ಮಾಡಿ. ವಾಚಿನಲ್ಲಿ ಚಾರ್ಜ್ ಇರುವವರೆಗೆ ಮಾತ್ರ ಈ ದಾರಿ ತೆರೆದಿರುತ್ತದೆ. 60 ಪರ್ಸೆಂಟ್ ಅಂದರೆ ಇನ್ನು ಎರಡು ಮೂರು ದಿನ ಇರಬಹುದು ಅಂದುಕೊಂಡು ಕೆಲಸ ಮಾಡೋಣ.

ಮೊದಲು ಎರಡು ತಪ್ಪು ತಿಳಿವಳಿಕೆ ಬದಿಗಿಡೋಣ. ಐಎಂಇಐ ಇರುವುದು ಮೊಬೈಲ್ ನೆಟ್‌ವರ್ಕ್‌ಗೆ ಸೇರುವ ಸಾಧನಗಳಿಗೆ. ಸಿಮ್ ಅಥವಾ ಇ-ಸಿಮ್ ಇಲ್ಲದ ನಿಮ್ಮ ವಾಚಿಗೆ ಆ ನಂಬರೇ ಇಲ್ಲ. ಜಿಪಿಎಸ್ ವಿಷಯದಲ್ಲಿ ಎಷ್ಟೋ ಜನ ತಪ್ಪು ತಿಳಿದಿದ್ದಾರೆ. ಜಿಪಿಎಸ್ ಅಂದರೆ ಉಪಗ್ರಹದ ಸಿಗ್ನಲ್ ಕೇಳಿಸಿಕೊಳ್ಳುವುದು, ಅಷ್ಟೇ. ಅದು ಯಾರಿಗೂ ಏನೂ ಹೇಳುವುದಿಲ್ಲ. ಜಿಪಿಎಸ್ ಇರುವ ವಾಚಿಗೂ ತಾನೆಲ್ಲಿದ್ದೇನೆ ಅಂತ ನಿಮಗೆ ತಿಳಿಸಲು ಬೇರೊಂದು ದಾರಿ ಬೇಕು: ಮೊಬೈಲ್ ನೆಟ್‌ವರ್ಕ್, ವೈಫೈ ಅಥವಾ ಬ್ಲೂಟೂತ್. ನಿಮ್ಮ ವಾಚಿಗೆ ಇರುವ ಬಾಯಿ ಬ್ಲೂಟೂತ್ ಒಂದೇ. ಅದು ಮಾತಾಡುತ್ತಿದೆ. ನಾವು ಕಿವಿ ಕೊಡಬೇಕು.

ಡಿಸ್ಕನೆಕ್ಟ್ ಆಗಿರುವುದು ಕೆಟ್ಟ ಸುದ್ದಿ ಅಂದುಕೊಳ್ಳಬೇಡಿ. ಫೋನಿನ ಸಂಪರ್ಕ ತಪ್ಪಿದ ವಾಚು ಸುಮ್ನೆ ಇರುವುದಿಲ್ಲ. ‘ನಾನಿಲ್ಲಿದ್ದೇನೆ, ನಾನಿಲ್ಲಿದ್ದೇನೆ’ ಅಂತ ಮತ್ತೆ ಮತ್ತೆ ಕೂಗುತ್ತಿರುತ್ತದೆ. ಬ್ಲೂಟೂತ್ ಲೋ ಎನರ್ಜಿ ಎಂಬ ವಿಧಾನದಲ್ಲಿ ಇದಕ್ಕೆಂದೇ 2402, 2426 ಮತ್ತು 2480 ಮೆಗಾಹರ್ಟ್ಸ್‌ನ ಮೂರು ಚಾನೆಲ್‌ಗಳಿವೆ. ವಾಚು ಈ ಮೂರರಲ್ಲೂ ಸಾಮಾನ್ಯವಾಗಿ ಸೆಕೆಂಡಿಗೆ ಒಂದೆರಡು ಸಲವಾದರೂ ಸಣ್ಣದೊಂದು ಸಂದೇಶ ಬಿಡುತ್ತದೆ. ಹತ್ತಿರದ ಯಾವ ಫೋನ್ ಬೇಕಾದರೂ ಅದನ್ನು ಕೇಳಿ, ಎಷ್ಟು ಜೋರಾಗಿ ಕೇಳಿಸಿತು ಅಂತ ಅಳೆಯಬಹುದು. ಆ ಅಳತೆಯನ್ನು ಹಿಡಿದೇ ನಾವು ಹುಡುಕುವುದು.

ಅದಕ್ಕೂ ಮುಂಚೆ, ಕೂತಲ್ಲೇ ಒಂದು ಕೆಲಸ ಮಾಡಿ. ವಾಚಿನ ಆ್ಯಪ್ ತೆರೆದು ಮೊನ್ನೆಯ ಹೆಜ್ಜೆ ಲೆಕ್ಕ, ಹೃದಯ ಬಡಿತದ ಗ್ರಾಫ್ ನೋಡಿ. ಬಡಿತದ ಗೆರೆ ಎಲ್ಲಿ ನಿಂತಿದೆಯೋ ಹೆಚ್ಚುಕಮ್ಮಿ ಆ ಹೊತ್ತಿಗೆ ವಾಚು ನಿಮ್ಮ ಕೈ ಬಿಟ್ಟಿದೆ. 6.40ಕ್ಕೆ ನಿಂತಿದೆ ಅಂತಿಟ್ಟುಕೊಳ್ಳಿ. ಆಗ ನೀವೆಲ್ಲಿದ್ದಿರಿ? ಸುಲಿಯಲು ಕೂತಿದ್ದು ಏಳು ಗಂಟೆಗಾದರೆ, ವಾಚು ಅದಕ್ಕೂ ಮುಂಚೆ ತೋಟದಲ್ಲೋ ಬಚ್ಚಲಲ್ಲೋ ಜಾರಿರಬಹುದು. ನೆನಪು ಕೈಕೊಡಬಹುದು, ಗ್ರಾಫ್ ಹಾಗೆ ಕೈಕೊಡುವುದು ಕಡಿಮೆ. ಕೆಲವು ಆ್ಯಪ್‌ಗಳಲ್ಲಿ ಡೇಟಾ ಕೊನೆಯದಾಗಿ ಸಿಂಕ್ ಆದ ಸಮಯವೂ ಇರುತ್ತದೆ. ಆ ಹೊತ್ತಿನಲ್ಲಿ ವಾಚು ಫೋನಿನ ಹತ್ತಿರವೇ ಇತ್ತು ಅಂತ ಗೊತ್ತಾಗುತ್ತದೆ.

ಇನ್ನೊಂದು ಮಾತು. ಗಾಬರಿಯಲ್ಲಿ ಆ್ಯಪ್‌ನಿಂದ ವಾಚನ್ನು ತೆಗೆದುಹಾಕಿ ಮತ್ತೆ ಸೇರಿಸಲು ಹೋಗಬೇಡಿ. ಕೆಲವು ವಾಚುಗಳು ಹಾಗೆ ಮಾಡಿದರೆ ಪೂರ್ತಿ ರೀಸೆಟ್ ಆಗುತ್ತವೆ. ಆಮೇಲೆ ಆ್ಯಪ್‌ನಿಂದ ಕೂಗಿಸುವ ದಾರಿಯೂ ಹೋಗುತ್ತದೆ.

ಈಗ ನಿಮ್ಮದೇ ಫೋನ್ ಹಿಡಿದು, ಆ್ಯಪ್ ತೆರೆದಿಟ್ಟುಕೊಂಡು ನಿಧಾನವಾಗಿ ನಡೆಯಿರಿ. ಜಗಲಿ, ಸುಲಿಯುವ ಜಾಗ, ಕೊಟ್ಟಿಗೆ, ಹಿತ್ತಲು. ಒಂದೊಂದು ಕಡೆಯೂ ಒಂದು ನಿಮಿಷ ನಿಲ್ಲಿ. ಎಲ್ಲಾದರೂ ‘ಕನೆಕ್ಟೆಡ್’ ಅಂತ ಬಂದರೆ ಅಲ್ಲೇ ನಿಂತು ‘ಫೈಂಡ್ ವಾಚ್’ ಒತ್ತಿ. ವಾಚು ನಡುಗುತ್ತದೆ. ಫ್ಯಾನು, ಟಿವಿ, ಮೋಟರ್ ಎಲ್ಲ ಆರಿಸಿ, ಉಸಿರು ಹಿಡಿದು ಕೇಳಿ. ಮರದ ಹಲಗೆ ಮೇಲೋ ತಗಡಿನ ಮೇಲೋ ಇದ್ದರೆ ಗುರ್ ಅನ್ನುವುದು ಚೆನ್ನಾಗಿ ಕೇಳುತ್ತದೆ. ನಿಮ್ಮದು ಕಾಲಿಂಗ್ ವಾಚು, ಅಂದರೆ ಒಳಗೆ ಸ್ಪೀಕರ್ ಇದೆ. ಫೋನಿನ ಬ್ಲೂಟೂತ್ ಪಟ್ಟಿಯಲ್ಲಿ ವಾಚು ಆಡಿಯೋ ಸಾಧನವಾಗಿ ಸೇರಿಕೊಂಡರೆ ಫೋನಿನಲ್ಲಿ ಯಾವುದಾದರೂ ಹಾಡು ಹಾಕಿ, ಸೌಂಡ್ ಪೂರ್ತಿ ಏರಿಸಿ. ಹಾಡು ವಾಚಿನಲ್ಲೇ ಬರುತ್ತದೆ. ಗಂಟೆಗಟ್ಟಲೆ ಹುಡುಕಿ ಸೋತವರಿಗೆ ಇದೊಂದರಿಂದಲೇ ವಾಚು ಸಿಕ್ಕಿದ್ದನ್ನು ನೋಡಿದ್ದೇನೆ.

ಇದರಿಂದ ಆಗಲಿಲ್ಲ ಅಂದರೆ ಸಿಗ್ನಲ್ ಅಳೆಯುವ ಕೆಲಸಕ್ಕೆ ಬರೋಣ.

ಇದಕ್ಕೆ ಇನ್ನೊಂದು ಫೋನ್ ಬೇಕು. ಮನೆಯವರ ಯಾರದ್ದಾದರೂ ಆಂಡ್ರಾಯ್ಡ್ ಫೋನ್ ಸಾಕು. ನಿಮ್ಮ ಫೋನಿನ ಬ್ಲೂಟೂತ್ ಆರಿಸಿಬಿಡಿ. ಇದಕ್ಕೆ ಕಾರಣ ಇದೆ. ಫೋನಿಗೆ ಸೇರಿಕೊಂಡ ತಕ್ಷಣ ಬಹಳಷ್ಟು ವಾಚುಗಳು ಕೂಗುವುದನ್ನು ನಿಲ್ಲಿಸುತ್ತವೆ. ನೀವು ಜೇಬಿನಲ್ಲಿ ನಿಮ್ಮ ಫೋನ್ ಇಟ್ಟುಕೊಂಡೇ ಹುಡುಕುತ್ತಾ ಹೋದರೆ, ಇನ್ನೇನು ಹತ್ತಿರ ಬಂದೆವು ಅನ್ನುವಾಗಲೇ ವಾಚು ಪಟ್ಟಿಯಿಂದ ಮಾಯವಾಗುತ್ತದೆ. ಜನ ಚಾರ್ಜ್ ಮುಗಿಯಿತು ಅಂತ ಕೈಚೆಲ್ಲುವುದು ಇಲ್ಲೇ.

ಎರಡನೇ ಫೋನಿಗೆ ‘ಎನ್‌ಆರ್‌ಎಫ್ ಕನೆಕ್ಟ್’ ಎಂಬ ಆ್ಯಪ್ ಹಾಕಿಕೊಳ್ಳಿ. ನಾರ್ವೆಯ ನಾರ್ಡಿಕ್ ಸೆಮಿಕಂಡಕ್ಟರ್ ಎಂಬ ಚಿಪ್ ಕಂಪನಿ ಎಂಜಿನಿಯರ್‌ಗಳಿಗಾಗಿ ಮಾಡಿದ್ದು. ಉಚಿತ. ‘ಕಳೆದ ವಾಚು ಹುಡುಕಿ’ ಅಂತ ಹೆಸರಿಟ್ಟ ಬೇರೆ ಆ್ಯಪ್‌ಗಳೂ ಇವೆ. ಅವುಗಳಲ್ಲಿ ಕೆಲವು ‘ವಾಚು 3.2 ಮೀಟರ್ ದೂರದಲ್ಲಿದೆ’ ಅಂತ ತೋರಿಸುತ್ತವೆ. ಅದನ್ನು ನಂಬಬೇಡಿ. ಯಾಕೆ ಅಂತ ಮುಂದೆ ಹೇಳುತ್ತೇನೆ. ಆ್ಯಪ್ ತೆರೆದಾಗ ಲೊಕೇಶನ್ ಮತ್ತು ಹತ್ತಿರದ ಸಾಧನಗಳ ಅನುಮತಿ ಕೇಳುತ್ತದೆ, ಕೊಡಿ. ಸ್ಕ್ಯಾನ್ ಒತ್ತಿದರೆ ಸುತ್ತಲಿನ ಬ್ಲೂಟೂತ್ ಸಾಧನಗಳ ಪಟ್ಟಿ ಬರುತ್ತದೆ. ಒಂದೊಂದರ ಎದುರಿಗೂ ಮೈನಸ್ ಇರುವ ಒಂದು ಅಂಕಿ ಇರುತ್ತದೆ. ಅದೇ ಸಿಗ್ನಲ್ ಬಲ.

ಇಲ್ಲಿ ಹಳ್ಳಿಯಲ್ಲಿರುವುದು ನಿಮಗೆ ದೊಡ್ಡ ಅನುಕೂಲ. ಬೆಂಗಳೂರಿನ ಅಪಾರ್ಟ್‌ಮೆಂಟಿನಲ್ಲಿ ಸ್ಕ್ಯಾನ್ ಮಾಡಿದರೆ ಪಟ್ಟಿ ಉದ್ದಕ್ಕೆ ಸಾಗುತ್ತದೆ: ಪಕ್ಕದ ಮನೆಯ ಟಿವಿ, ಕೆಳಮನೆಯವರ ಇಯರ್‌ಬಡ್ಸ್, ಯಾರದೋ ಸ್ಕೂಟರ್. ನಿಮ್ಮಲ್ಲಿ ನಾಲ್ಕೈದು ಬಂದರೆ ಜಾಸ್ತಿ. ವಾಚಿನ ಹೆಸರು ಕಾಣಿಸಿದರೆ ಒಳ್ಳೆಯದೇ. ಕಾಲಿಂಗ್ ವಾಚುಗಳು ಎರಡು ಹೆಸರಿನಲ್ಲಿ ಇರುವುದುಂಟು, ಒಂದು ಡೇಟಾಗೆ, ಇನ್ನೊಂದು ಕಾಲ್‌ಗೆ. ಹೆಸರಿನ ಜಾಗ ಖಾಲಿ ಇದ್ದರೆ ವಾಚಿನ ಮ್ಯಾಕ್ ವಿಳಾಸ ಹುಡುಕಿ. ಎರಡೆರಡು ಅಕ್ಷರಗಳ ಆರು ಜೋಡಿ ಅದು. ಆ್ಯಪ್‌ನಲ್ಲಿ ವಾಚಿನ ವಿವರದ ಪುಟದಲ್ಲಿ ಇರಬಹುದು, ಡಬ್ಬಿಯ ಮೇಲಿನ ಚೀಟಿಯಲ್ಲೂ ಇರಬಹುದು. ದುಬಾರಿ ವಾಚುಗಳು ಗುಟ್ಟಿಗಾಗಿ ಈ ವಿಳಾಸವನ್ನು ಹದಿನೈದು ನಿಮಿಷಕ್ಕೊಮ್ಮೆ ಬದಲಿಸುವುದುಂಟು. ಸಾಧಾರಣ ವಾಚುಗಳಲ್ಲಿ ಸಾಮಾನ್ಯವಾಗಿ ಒಂದೇ ವಿಳಾಸ ಇರುತ್ತದೆ. ಐಫೋನಿನಲ್ಲಿ ಹುಡುಕುವವರಿಗೆ ಈ ವಿಳಾಸ ಕಾಣುವುದೇ ಇಲ್ಲ. ಅದಕ್ಕೇ ಆಂಡ್ರಾಯ್ಡ್ ಅಂದೆ.

ಇನ್ನು ಆ ಅಂಕಿ. ಅದರ ಮಾಪನ ಡಿಬಿಎಂ. ಸೊನ್ನೆ ಅಂದರೆ ಒಂದು ಮಿಲಿವ್ಯಾಟ್. ವಾಚು ಹೊರಬಿಡುವುದೇ ಹೆಚ್ಚುಕಮ್ಮಿ ಅಷ್ಟು. ಮೈನಸ್ 90 ಅಂದರೆ ಒಂದು ವ್ಯಾಟ್‌ನ ಲಕ್ಷ ಕೋಟಿ ಪಾಲಿನಲ್ಲಿ ಒಂದು ಪಾಲು. ಅಷ್ಟು ಕ್ಷೀಣವಾದದ್ದನ್ನೂ ನಿಮ್ಮ ಕೈಯಲ್ಲಿರುವ ಫೋನ್ ಕೇಳಿಸಿಕೊಳ್ಳುತ್ತದೆ. ನನಗೆ ಇದು ಇವತ್ತಿಗೂ ಬೆರಗಿನ ವಿಷಯ. ಅಂಕಿ ಸೊನ್ನೆಯ ಕಡೆ ಬಂದಷ್ಟೂ ನೀವು ಹತ್ತಿರ: ಮೈನಸ್ 95 ಇದ್ದರೆ ಅಂಚಿನಲ್ಲಿದ್ದೀರಿ, ಮೈನಸ್ 70 ಇದ್ದರೆ ಒಂದೇ ಕೋಣೆ ಇರಬಹುದು, ಮೈನಸ್ 45 ದಾಟಿದರೆ ಕೈಯಳತೆ. ಅಡೆತಡೆ ಇಲ್ಲದ ಬಯಲಿನಲ್ಲಿ ದೂರ ಎರಡು ಪಟ್ಟಾದರೆ ಅಂಕಿ 6 ಇಳಿಯುತ್ತದೆ.

ಆದರೆ ನಿಮ್ಮ ಮನೆ ಬಯಲಲ್ಲ. 2.4 ಗಿಗಾಹರ್ಟ್ಸ್ ಅಲೆಯ ಉದ್ದ ಸುಮಾರು ಹನ್ನೆರಡೂವರೆ ಸೆಂಟಿಮೀಟರ್. ಅದು ಗೋಡೆಗೆ, ನೆಲಕ್ಕೆ, ತಗಡಿನ ಮಾಡಿಗೆ ಬಡಿದು ವಾಪಸ್ ಬರುತ್ತದೆ. ನೇರ ಬಂದ ಅಲೆ, ಬಡಿದು ಬಂದ ಅಲೆ ಒಂದು ಕಡೆ ಕೂಡಿಕೊಳ್ಳುತ್ತವೆ, ನಾಲ್ಕು ಬೆರಳು ಆಚೆ ಒಂದನ್ನೊಂದು ಹೊಡೆದುಹಾಕುತ್ತವೆ. ಹಾಗಾಗಿ ಫೋನನ್ನು ಗೇಣು ಸರಿಸಿದರೂ ಅಂಕಿ 10 ಏರಿ ಇಳಿಯಬಹುದು. ಮೀಟರ್ ಲೆಕ್ಕ ತೋರಿಸುವ ಆ್ಯಪ್‌ಗಳನ್ನು ನಂಬಬೇಡಿ ಅಂದಿದ್ದು ಇದಕ್ಕೇ. ಒಂದು ಅಂಕಿಗೆ ಬೆಲೆ ಇಲ್ಲ. ಒಂದು ಜಾಗದಲ್ಲಿ ಹತ್ತಿಪ್ಪತ್ತು ಸೆಕೆಂಡು ನಿಂತು, ಫೋನನ್ನು ಅಂಗೈಯಗಲದಷ್ಟು ಆಚೀಚೆ ಆಡಿಸಿ, ಕಂಡ ಅಂಕಿಗಳಲ್ಲಿ ಮೇಲಿನವು ಯಾವುವು ಅಂತ ನೋಡಿ ಬರೆದುಕೊಳ್ಳಿ. ಐದಾರು ಹೆಜ್ಜೆ ಮುಂದೆ ಹೋಗಿ ಮತ್ತೆ ಹಾಗೇ ಮಾಡಿ. ಓಡಾಡಬೇಡಿ. ಫೋನನ್ನು ಪ್ರತಿ ಸಲ ಒಂದೇ ರೀತಿ ಹಿಡಿಯಿರಿ, ಸ್ಕ್ರೀನ್ ಆರಲು ಬಿಡಬೇಡಿ. ಸ್ಕ್ಯಾನನ್ನು ಪದೇ ಪದೇ ನಿಲ್ಲಿಸಿ ಶುರು ಮಾಡಬೇಡಿ. ಅರ್ಧ ನಿಮಿಷದಲ್ಲಿ ಐದು ಸಲಕ್ಕಿಂತ ಹೆಚ್ಚು ಶುರು ಮಾಡಿದರೆ ಆಂಡ್ರಾಯ್ಡ್ ತಾನೇ ತಡೆಯುತ್ತದೆ, ಅಂಕಿ ಬದಲಾಗದೆ ನಿಂತುಬಿಡುತ್ತದೆ.

ದಿಕ್ಕು ತಿಳಿಯಲು ನಿಮ್ಮ ದೇಹಕ್ಕಿಂತ ಒಳ್ಳೆಯ ಉಪಕರಣ ಬೇರೆ ಬೇಕಿಲ್ಲ. 1990ರ ದಶಕದ ಆರಂಭದಲ್ಲಿ ನಾಗರಹೊಳೆಯಲ್ಲಿ ಉಲ್ಲಾಸ ಕಾರಂತರು ಹುಲಿಗಳಿಗೆ ರೇಡಿಯೋ ಕಾಲರ್ ಹಾಕಿ ಅಧ್ಯಯನ ಮಾಡಿದ್ದು ನಿಮಗೆ ಗೊತ್ತಿರಬಹುದು. ರೇಡಿಯೋ ಕಾಲರ್ ಹಾಕಿದ ಪ್ರಾಣಿಯನ್ನು ಹುಡುಕುವವರು ಕೈಯಲ್ಲಿ ಆಂಟೆನಾ ಹಿಡಿದು ತಿರುಗಿಸುತ್ತಾರೆ. ಸದ್ದು ಯಾವ ಕಡೆ ಜೋರೋ ಪ್ರಾಣಿ ಆ ಕಡೆ. ಫೋನಿನ ಆಂಟೆನಾಗೆ ಹಾಗೆ ದಿಕ್ಕಿಲ್ಲ, ಎಲ್ಲ ಕಡೆಯಿಂದಲೂ ಕೇಳುತ್ತದೆ. ಆದರೆ ನಮ್ಮ ಮೈಯಲ್ಲಿ ಅರ್ಧಕ್ಕಿಂತ ಹೆಚ್ಚು ನೀರು, ಮತ್ತು 2.4 ಗಿಗಾಹರ್ಟ್ಸ್ ಅಲೆಯನ್ನು ನೀರು ಚೆನ್ನಾಗಿ ಹೀರುತ್ತದೆ. ಫೋನನ್ನು ಎದೆಗೆ ಒತ್ತಿ ಹಿಡಿಯಿರಿ. ನಿಂತಲ್ಲೇ ಗಡಿಯಾರದ ಮುಳ್ಳಿನ ಹಾಗೆ ನಿಧಾನ ತಿರುಗಿ, ಕಾಲು ಸುತ್ತಿಗೊಮ್ಮೆ ನಿಂತು ಅಂಕಿ ನೋಡಿ. ಒಂದು ಕಡೆ ಅಂಕಿ 10, 15ರಷ್ಟು ಕುಸಿಯುತ್ತದೆ. ಆಗ ವಾಚು ನಿಮ್ಮ ಬೆನ್ನ ಹಿಂದಿದೆ. ಜೋರಾಗಿ ಕೇಳುವ ದಿಕ್ಕಿಗಿಂತ ಕುಸಿಯುವ ದಿಕ್ಕನ್ನೇ ನಂಬಿ, ಅದು ಹೆಚ್ಚು ಖಚಿತ. ಹ್ಯಾಮ್ ರೇಡಿಯೋದವರು ಬಚ್ಚಿಟ್ಟ ಟ್ರಾನ್ಸ್‌ಮಿಟರ್ ಹುಡುಕುವ ಆಟದಲ್ಲೂ ಇದೇ ಉಪಾಯ ಬಳಸುತ್ತಾರೆ. ಎರಡು ಮೂರು ಜಾಗದಲ್ಲಿ ಹೀಗೆ ಮಾಡಿ. ದಿಕ್ಕುಗಳು ಎಲ್ಲಿ ಕೂಡುತ್ತವೋ ಅಲ್ಲಿ ಹುಡುಕಿ.

ಲೋಹ ಎದುರಾದರೆ ಲೆಕ್ಕ ತಪ್ಪುತ್ತದೆ. ಮೈಸೂರಿನಲ್ಲಿ ನಮ್ಮ ಅಕ್ಕನ ಮನೆಯಲ್ಲಿ ಭಾವನ ವಾಚು ಕಾಣೆಯಾದಾಗ ಇದನ್ನು ಕಣ್ಣಾರೆ ಕಂಡೆ. ಹಾಲ್‌ನಲ್ಲಿ ಮೈನಸ್ 84. ಮಲಗುವ ಕೋಣೆಯ ಬಾಗಿಲಲ್ಲಿ ಮೈನಸ್ 72. ಒಳಗೆ ಹೋಗಿ ಸ್ಟೀಲ್ ಬೀರುವಿನ ಪಕ್ಕ ನಿಂತರೆ ಮೈನಸ್ 80! ಎದುರು ಗೋಡೆಯ ಹತ್ತಿರ ಹೋದರೆ ಮತ್ತೆ ಮೈನಸ್ 71. ಅಕ್ಕ ಎದುರು ಗೋಡೆಯ ಹಾಸಿಗೆ, ದಿಂಬು ಎಲ್ಲ ಕೊಡವಿದಳು. ಇಲ್ಲ. ನಾನು ಸುಮ್ನೆ ನಿಂತು ಯೋಚಿಸಿದೆ. ಗೋಡೆಯ ಹತ್ತಿರ ಅಂಕಿ ಏರುವುದು ಬೀರುವಿನ ಬಾಗಿಲ ಸಂದಿಗೆ ನೇರ ಎದುರು ನಿಂತಾಗ ಮಾತ್ರ. ‘ಅಕ್ಕ, ಬೀರು ತೆಗಿ’ ಅಂದೆ. ಬಾಗಿಲು ತೆರೆದದ್ದೇ ತಡ, ಅಂಕಿ ಮೈನಸ್ 71ರಿಂದ ಮೈನಸ್ 52ಕ್ಕೆ ನೆಗೆಯಿತು. ಮಡಚಿಟ್ಟ ಶಾಲಿನ ಪದರದಲ್ಲಿ ವಾಚು ಸಿಕ್ಕಿತ್ತು. ಮದುವೆ ಮನೆಯಿಂದ ಬಂದು ಶಾಲು ಮಡಚುವಾಗ ಅದರೊಳಗೆ ಸೇರಿತ್ತು. ಅದಕ್ಕೇ ಹೇಳುತ್ತೇನೆ, ಬೀರು, ವಾಷಿಂಗ್ ಮೆಷಿನ್, ಸ್ಟೀಲ್ ಡಬ್ಬ, ಕಾರಿನ ಡಿಕ್ಕಿ ಎಲ್ಲದರ ಬಾಯಿ ತೆರೆದಿಟ್ಟು ಆಮೇಲೆ ಅಳೆಯಿರಿ. ಲೋಹದೊಳಗಿನ ಸಿಗ್ನಲ್ ಸಂದಿ ಇದ್ದ ಕಡೆಯಿಂದ ಮಾತ್ರ ಹೊರಬರುತ್ತದೆ, ಮತ್ತು ಆ ಕಡೆಗೆ ನಿಮ್ಮನ್ನು ಎಳೆದುಕೊಂಡು ಹೋಗುತ್ತದೆ.

ಈಗ ನಿಮ್ಮ ಸಿಪ್ಪೆ ಗುಡ್ಡೆ. ನನಗೆ ಜಾಸ್ತಿ ಅನುಮಾನ ಇರುವುದು ಅದರ ಮೇಲೆಯೇ. ಮೆಟ್ಟುಗತ್ತಿ ಮುಂದೆ ಕೂತವರ ಪಕ್ಕದಲ್ಲಿ ಸಿಪ್ಪೆ ಬೀಳುತ್ತಲೇ ಇರುತ್ತದೆ. ಪಕ್ಕದಲ್ಲಿಟ್ಟ ವಾಚು ಅದರಡಿ ಸೇರಲು ಹತ್ತು ನಿಮಿಷ ಸಾಕು. ರಾತ್ರಿ ಯಾರೋ ಬುಟ್ಟಿಗೆ ತುಂಬಿ ಆಚೆ ಸುರಿದಿರುತ್ತಾರೆ. ಹಸಿ ಸಿಪ್ಪೆ ಅಂದರೆ ನೀರು ತುಂಬಿದ ನಾರು, ಸಿಗ್ನಲ್ಲಿಗೆ ಹಸಿ ಗೋಡೆ ಇದ್ದ ಹಾಗೆ. ಅಂಗಳದಲ್ಲಿ ಮೂವತ್ತು ಅಡಿಗೂ ಕೇಳಬೇಕಾದ ವಾಚು, ಎರಡಡಿ ಹಸಿ ಸಿಪ್ಪೆಯಡಿ ಇದ್ದರೆ ಗುಡ್ಡೆಯ ಮೇಲೆ ಫೋನ್ ಇಟ್ಟಾಗ ಮಾತ್ರ ಕೇಳಿಸಬಹುದು. ನಿಮ್ಮ ಆ್ಯಪ್ ಡಿಸ್ಕನೆಕ್ಟ್ ಅಂತ ತೋರಿಸುವುದಕ್ಕೆ ಇದೇ ಕಾರಣ ಇರಬಹುದು. ಹಾಗಾಗಿ ದೂರದಿಂದ ಅಳೆದು ‘ಇಲ್ಲಿಲ್ಲ’ ಅಂತ ತೀರ್ಮಾನಿಸಬೇಡಿ. ಫೋನನ್ನು ತೆಳು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ, ಗುಡ್ಡೆಯ ಮೇಲೆ, ಸುತ್ತ, ಬುಡದಲ್ಲಿ ಒಂದೊಂದು ಗೇಣಿಗೆ ಒತ್ತಿಟ್ಟು ನೋಡಿ. ಗೊಬ್ಬರದ ಗುಂಡಿಗೂ ಇದೇ ಮಾತು.

ಮುಖ್ಯವಾಗಿ, ವಾಚು ಸಿಗುವವರೆಗೆ ಆ ಸಿಪ್ಪೆಗೆ ಬೆಂಕಿ ಹಾಕಬೇಡಿ, ಹಾಕಲು ಬಿಡಬೇಡಿ. ಒಳಗಿರುವುದು ಲಿಥಿಯಂ ಬ್ಯಾಟರಿ, ಬಿಸಿಗೆ ಸಿಡಿಯುತ್ತದೆ. ಸುಲಿದ ಅಡಿಕೆಯ ಬುಟ್ಟಿಗೆ ಬಿದ್ದಿದ್ದರೆ ಬೇಯಿಸುವ ಹಂಡೆಗೂ ಹೋಗಿರಬಹುದು. ಬೇಯಿಸುವವರನ್ನು ಒಂದು ಮಾತು ಕೇಳಿ. ಸುಲಿತಕ್ಕೆ ಬಂದವರನ್ನು ಕೇಳುವಾಗ ‘ಯಾರಾದರೂ ತಗೊಂಡ್ರಾ’ ಅಂತ ಕೇಳಬೇಡಿ. ‘ಸಿಪ್ಪೆ ಎಲ್ಲೆಲ್ಲಿ ಸುರಿದಿರಿ’ ಅಂತ ಕೇಳಿ. ನಮಗೆ ಬೇಕಾದ ಉತ್ತರ ಅದು, ಯಾರ ಮನಸ್ಸೂ ನೋಯುವುದಿಲ್ಲ.

ಗುಡ್ಡೆಯಲ್ಲಿ ಸಿಗ್ನಲ್ ಒಂದು ಸಲ ಸಿಕ್ಕಿತೋ, ಇಡೀ ಗುಡ್ಡೆ ಕೈಯಿಂದ ಕೆದಕುವುದು ಬೇಡ. ಅರ್ಧ ಸಿಪ್ಪೆಯನ್ನು ಇಪ್ಪತ್ತು ಮೂವತ್ತು ಅಡಿ ಆಚೆ ಅಂಗಳದ ಇನ್ನೊಂದು ತುದಿಗೆ ಸಾಗಿಸಿ ತೆಳ್ಳಗೆ ಹರಡಿ. ಹರಡಿದರೆ ಸಿಗ್ನಲ್ ಸರಾಗ ಹೊರಬರುತ್ತದೆ. ಎರಡೂ ಕಡೆ ಫೋನ್ ಇಟ್ಟು ನೋಡಿ, ಜೋರು ಇರುವ ಭಾಗ ಇಟ್ಟುಕೊಂಡು ಇನ್ನೊಂದನ್ನು ಬಿಡಿ. ಉಳಿದದ್ದನ್ನು ಮತ್ತೆ ಇಬ್ಭಾಗ ಮಾಡಿ. ಅರವತ್ತು ಬುಟ್ಟಿಯ ಗುಡ್ಡೆಯಾದರೂ ಆರು ಸಲ ಇಬ್ಭಾಗ ಮಾಡಿದರೆ ಒಂದು ಬುಟ್ಟಿಗೆ ಬಂದು ನಿಲ್ಲುತ್ತೀರಿ.

ಸಿಮ್ ವಾಚು, ದುಬಾರಿ ವಾಚು ಇರುವ ಓದುಗರಿಗೆ ಎರಡು ಸಾಲು. ಆ್ಯಪಲ್‌ನ ಫೈಂಡ್ ಮೈ, ಗೂಗಲ್‌ನ ಫೈಂಡ್ ಹಬ್‌ನಂಥ ವ್ಯವಸ್ಥೆಗಳು ದಾರಿಹೋಕರ ಫೋನುಗಳ ಮೂಲಕವೂ ಕಳೆದ ಸಾಧನದ ಸುಳಿವು ಕೊಡುತ್ತವೆ. ಪೇಟೆಯಲ್ಲಿ ಕಳೆದರೆ ಮೊದಲು ಅದನ್ನೇ ನೋಡಿ. ಜನ ಓಡಾಡದ ತೋಟದಲ್ಲಿ ಅದರಿಂದ ಹೆಚ್ಚು ನಿರೀಕ್ಷೆ ಬೇಡ. ಸುಳಿವು ಬೇರೆಯವರ ಮನೆ ತೋರಿಸಿದರೆ ನೀವೇ ನುಗ್ಗಬೇಡಿ, ಪೊಲೀಸರಿಗೆ ಹೇಳಿ.

ಕೊನೆಗೆ ಒಂದು ಪ್ರಶ್ನೆ ನಿಮಗೆ. ವಾಚಿನಲ್ಲಿ ದಿನಾ ಬೆಳಗಿನ ಅಲಾರಾಂ ಇಟ್ಟಿದ್ದಿರಾ? ಅಲಾರಾಂ ಇರುವುದು ವಾಚಿನೊಳಗೇ, ಅದಕ್ಕೆ ಫೋನ್ ಬೇಕಿಲ್ಲ. ಇಟ್ಟಿದ್ದರೆ ನಾಳೆ ಆ ಹೊತ್ತಿಗೆ ಹತ್ತು ನಿಮಿಷ ಮುಂಚೆ ಸಿಪ್ಪೆ ಗುಡ್ಡೆಯ ಹತ್ತಿರ ಹೋಗಿ, ಮನೆಯ ಇನ್ನೊಬ್ಬರನ್ನು ಸುಲಿಯುವ ಜಾಗದಲ್ಲಿ ನಿಲ್ಲಿಸಿ. ಬೆಳಕು ಹರಿಯುವ ಮುಂಚೆಯೇ ಆದರೆ ಟಾರ್ಚ್ ಆರಿಸಿ ನೋಡಿ. ವಾಚಿನ ಹೊಟ್ಟೆಯಡಿ ಬಡಿತ ಅಳೆಯುವ ಹಸಿರು ದೀಪ ಇರುತ್ತದೆ, ಬಹಳ ವಾಚುಗಳಲ್ಲಿ ಅದು ಆಗಾಗ ತಾನೇ ಮಿನುಗುತ್ತದೆ. ಮೇಲ್ಪದರದಲ್ಲೇ ಇದ್ದರೆ ಸಿಪ್ಪೆಯ ಸಂದಿಯಲ್ಲಿ ಆ ಹಸಿರು ಕತ್ತಲಲ್ಲಿ ಕಾಣುತ್ತದೆ.